ಹಿಟ್ಟಿನ ಗಿರಣಿಯ ಮೇಲೆ ನಿಂತ ಅರಮನೆ: ಶೆನೊನ್ಸೋ ನೋಡುವ ಬಗೆ, ಅಲ್ಲಿ ಉಣ್ಣುವ ಬಗೆ

ಫ್ರಾನ್ಸಿನ ಶೆನೊನ್ಸೋ ಅರಮನೆಗೆ ಹೋದವರು ಒಳಗೆ ಕಾಲಿಟ್ಟ ಕೂಡಲೇ ರಾಣಿಯರ ಕೋಣೆಗಳ ಕಡೆ ಹೊರಡುತ್ತಾರೆ. ನನ್ನನ್ನು ಕೇಳಿದರೆ ಮೊದಲು ಕೆಳಗಿನ ಅಡುಗೆಮನೆಗೆ ಇಳಿಯಿರಿ ಅನ್ನುತ್ತೇನೆ.

ಮೆಟ್ಟಿಲಿಳಿದರೆ ಕಮಾನು ಚಾವಣಿಯ ತಗ್ಗಿನ ಕೋಣೆಗಳು. ಗೋಡೆಗೆ ಸಾಲಾಗಿ ತೂಗುಹಾಕಿದ ತಾಮ್ರದ ಪಾತ್ರೆಗಳು. ಒಂದು ಕಡೆ ಮಾಂಸ ಕಡಿಯುವ ಕೊರಡು, ಕೊಕ್ಕೆಗಳು, ಚಾಕುಗಳು. ಇನ್ನೊಂದು ಕಡೆ ಆಳೆತ್ತರದ ಒಲೆ, ಅದರ ಪಕ್ಕದಲ್ಲೇ ಬ್ರೆಡ್ ಸುಡುವ ಗೂಡು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ಅಂಗಳ ಕಾಣುವುದಿಲ್ಲ. ಹಸಿರು ಬಣ್ಣದ ನೀರು ನಿಧಾನವಾಗಿ ಹರಿಯುತ್ತಿರುತ್ತದೆ. ನೀವು ನಿಂತಿರುವುದು ಶೇರ್ ನದಿಯ ಪಾತ್ರದಲ್ಲಿ ಎದ್ದಿರುವ ಎರಡು ದಪ್ಪ ಕಂಬಗಳ ಹೊಟ್ಟೆಯೊಳಗೆ. ತರಕಾರಿ, ಮಾಂಸ, ಸೌದೆ ಎಲ್ಲವೂ ದೋಣಿಯಲ್ಲಿ ಬಂದು ಇದೇ ಕಂಬದ ಬುಡದಲ್ಲಿ ಇಳಿಯುತ್ತಿತ್ತು.

ಅಡುಗೆಮನೆಯನ್ನು ನದಿಯೊಳಗೆ ಯಾಕೆ ಕಟ್ಟಿದರು? ಯಾಕೆಂದರೆ ಅರಮನೆ ಬರುವ ಮೊದಲು ಇಲ್ಲಿದ್ದದ್ದು ಒಂದು ಗಿರಣಿ. ಹರಿಯುವ ನೀರಿನಿಂದ ಚಕ್ರ ತಿರುಗಿಸಿ ಗೋಧಿ ಬೀಸುವ, ಸುತ್ತ ಕಾವಲಿದ್ದ ಗಟ್ಟಿ ಗಿರಣಿ. ಅದರ ಬುನಾದಿಯನ್ನೇ ಉಳಿಸಿಕೊಂಡು 1513ರಲ್ಲಿ ಮೇಲೆ ಅರಮನೆ ಎಬ್ಬಿಸಿದರು. ಇಡೀ ಜಗತ್ತು ಫೋಟೊ ತೆಗೆಯುವ ಈ ಕಟ್ಟಡ ನಿಂತಿರುವುದು ಹಿಟ್ಟಿನ ಗಿರಣಿಯ ಮೇಲೆ!

ಇದನ್ನು ಮೊದಲೇ ಹೇಳಲು ಕಾರಣವಿದೆ. ಅರಮನೆ ನೋಡುವುದು ಒಂದು ಕೆಲಸ, ಊಟ ಇನ್ನೊಂದು ಕೆಲಸ ಅಂತ ನಾವು ಬೇರೆ ಮಾಡಿಬಿಡುತ್ತೇವೆ. ಇಲ್ಲಿ ಎರಡೂ ಒಂದೇ. ಅರಮನೆಯನ್ನು ಕಟ್ಟಿಸಿದ ನದಿ ಮತ್ತು ಕಲ್ಲೇ ಈ ಸೀಮೆಯ ಚೀಸು, ರೊಟ್ಟಿ, ದ್ರಾಕ್ಷಾರಸವನ್ನೂ ರೂಪಿಸಿವೆ. ಇದು ಹೇಗೆ ಅಂತ ಅರ್ಥವಾದರೆ ಕಟ್ಟಡವೂ ಬೇರೆ ಥರ ಕಾಣುತ್ತದೆ, ತಟ್ಟೆಯೂ ಬೇರೆ ಥರ ಕಾಣುತ್ತದೆ.

ಕೋಟೆಯೋ ಅರಮನೆಯೋ?

ಮೊದಲು ಒಂದು ಮಾತಿನ ಗೊಂದಲ ಬಿಡಿಸಿಕೊಳ್ಳೋಣ. ನಮಗೆ ಕೋಟೆ ಬೇರೆ, ಅರಮನೆ ಬೇರೆ. ಫ್ರೆಂಚರು ಎರಡಕ್ಕೂ ಶಾತೋ ಅನ್ನುತ್ತಾರೆ. ಹಾಗಾಗಿ ಕಂದಕ, ಬುರುಜು ಇರುವ ಯುದ್ಧದ ಕೋಟೆಯೂ ಶಾತೋ, ಹೂದೋಟದ ನಡುವಿನ ಮನೆಯೂ ಶಾತೋ.

ಶೆನೊನ್ಸೋದಲ್ಲಿ ಈ ಎರಡೂ ಅಕ್ಕಪಕ್ಕದಲ್ಲೇ ನಿಂತಿವೆ. ಮುಂಭಾಗದ ಅಂಗಳದಲ್ಲಿ ಒಂಟಿಯಾಗಿ ಒಂದು ದುಂಡನೆಯ ಗೋಪುರ ಇದೆ. ಅದು ಹಿಂದಿನ ಒಡೆಯರಾದ ಮಾರ್ಕ್ ಮನೆತನದವರ ಕೋಟೆಯಲ್ಲಿ ಉಳಿದ ಭಾಗ. ಅದರ ಹಿಂದೆ, ನೀರಿನ ಮೇಲೆ, ದೊಡ್ಡ ದೊಡ್ಡ ಕಿಟಕಿಗಳ ಹೊಸ ಕಟ್ಟಡ. ಕಿಟಕಿ ದೊಡ್ಡದಾಗಿದ್ದರೆ ಬಾಣ, ಗುಂಡಿಗೆ ಹೆದರುವವರು ಕಟ್ಟಿದ್ದಲ್ಲ ಅಂತ ಅರ್ಥ. ಇಂಗ್ಲೆಂಡಿನ ಜೊತೆಗಿನ ನೂರು ವರ್ಷಗಳ ಯುದ್ಧ ಮುಗಿದು ಎರಡು ತಲೆಮಾರು ಕಳೆದಿತ್ತು. ಜನ ಬೆಳಕು ಬೇಕು, ನೋಟ ಬೇಕು ಅನ್ನುವ ಕಾಲಕ್ಕೆ ಬಂದಿದ್ದರು.

ಆ ಯುದ್ಧದ ದಿನಗಳಲ್ಲೇ ಫ್ರೆಂಚ್ ರಾಜರು ಪ್ಯಾರಿಸ್ ಬಿಟ್ಟು ಲ್ವಾರ್ ನದಿಯ ಬಯಲಿಗೆ ಬಂದು ನೆಲೆಸಿದ್ದರು. ರಾಜ ಇದ್ದ ಕಡೆ ಮಂತ್ರಿ, ಖಜಾಂಚಿ, ಸಾಲ ಕೊಡುವವರು ಎಲ್ಲರೂ ಮನೆ ಕಟ್ಟಿದರು. ಲ್ವಾರ್ ಮತ್ತು ಅದರ ಉಪನದಿಗಳ ದಡದಲ್ಲಿ ಇಷ್ಟೊಂದು ಶಾತೋಗಳು ಇರುವುದಕ್ಕೆ ಇದೇ ಕಾರಣ. 1494ರಿಂದ ಇಟಲಿಯ ಮೇಲೆ ದಂಡೆತ್ತಿ ಹೋದ ರಾಜರು ಅಲ್ಲಿನ ಕಟ್ಟಡಗಳನ್ನು ಕಂಡು ಮರುಳಾಗಿ ಬಂದರು. ಲಿಯೊನಾರ್ಡೊ ಡಾ ವಿಂಚಿ ತನ್ನ ಕೊನೆಯ ವರ್ಷಗಳನ್ನು ಕಳೆದು 1519ರಲ್ಲಿ ತೀರಿಕೊಂಡದ್ದು ಇಲ್ಲಿಗೆ ಹತ್ತಿರದ ಆಂಬ್ವಾಜ್ ಊರಿನಲ್ಲಿ. ಆಗ ಶೆನೊನ್ಸೋ ಇನ್ನೂ ಕಟ್ಟುತ್ತಿದ್ದರು.

ಕಟ್ಟಿಸಿದವನು ತೊಮಾ ಬೊಯೇ, ರಾಜನ ಹಣಕಾಸು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಆದರೆ ಅವನು ಇಟಲಿಯ ಯುದ್ಧಗಳ ಕೆಲಸದಲ್ಲಿ ದೂರವೇ ಜಾಸ್ತಿ ಇರುತ್ತಿದ್ದ. ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವಳು ಅವನ ಹೆಂಡತಿ ಕ್ಯಾಥರೀನ್ ಬ್ರಿಸೊನೆ. ಒಳಗಿನ ಮೆಟ್ಟಿಲು ನೋಡಿ. ಆ ಕಾಲದ ಫ್ರೆಂಚ್ ಕಟ್ಟಡಗಳಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತುವ ಮೆಟ್ಟಿಲು ಇರುತ್ತಿತ್ತು. ಇಲ್ಲಿ ಮೆಟ್ಟಿಲು ನೇರವಾಗಿ ಹತ್ತಿ, ತಿರುಗಿ, ಮತ್ತೆ ನೇರವಾಗಿ ಹತ್ತುತ್ತದೆ. ಇಟಲಿಯ ಪದ್ಧತಿ ಅದು, ಫ್ರಾನ್ಸಿನಲ್ಲಿ ಮೊದಮೊದಲು ಬಂದವುಗಳಲ್ಲಿ ಒಂದು. ನಮಗೆ ಇಂದು ಇದು ಸಾಮಾನ್ಯ ಅನ್ನಿಸುತ್ತದೆ, ಅಲ್ವಾ? ಆಗ ಹೊಚ್ಚ ಹೊಸದು.

ಇಬ್ಬರಿಗೂ ಅಲ್ಲಿ ಬಾಳುವ ಯೋಗ ಇರಲಿಲ್ಲ. 1521ರ ಹೊತ್ತಿಗೆ ಕೆಲಸ ಮುಗಿಯಿತು. 1524ರಲ್ಲಿ ಗಂಡ, 1526ರಲ್ಲಿ ಹೆಂಡತಿ ತೀರಿಕೊಂಡರು. ಸರ್ಕಾರಕ್ಕೆ ಕೊಡಬೇಕಾದ ಬಾಕಿಗಾಗಿ ಮಗ 1535ರಲ್ಲಿ ಅರಮನೆಯನ್ನು ರಾಜನಿಗೇ ಬಿಟ್ಟುಕೊಟ್ಟ.

ಇಬ್ಬರು ಹೆಂಗಸರು, ಒಂದು ಸೇತುವೆ

ಮುಂದಿನ ಕಥೆ ಗೊತ್ತಿದ್ದರೆ ಮಾತ್ರ ಕಟ್ಟಡದ ಆಕಾರ ಅರ್ಥವಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

1547ರಲ್ಲಿ ಪಟ್ಟಕ್ಕೆ ಬಂದ ಎರಡನೇ ಹೆನ್ರಿ ಈ ಅರಮನೆಯನ್ನು ಕೊಟ್ಟಿದ್ದು ತನ್ನ ರಾಣಿಗಲ್ಲ, ತಾನು ಪ್ರೀತಿಸುತ್ತಿದ್ದ ಡಯಾನ್ ದ ಪ್ವಾತಿಯೇಗೆ. ಅವಳು ಅವನಿಗಿಂತ ಸುಮಾರು 20 ವರ್ಷ ದೊಡ್ಡವಳು. ಲೆಕ್ಕಪತ್ರದಲ್ಲಿ ಬಹಳ ಗಟ್ಟಿ. ರಾಜ ಕೊಟ್ಟ ಆಸ್ತಿಯನ್ನು ಮುಂದೆ ಯಾರಾದರೂ ಕಿತ್ತುಕೊಳ್ಳಬಹುದು ಅಂತ ತಿಳಿದು, 1555ರಲ್ಲಿ ಕಾನೂನುಬದ್ಧವಾಗಿ ತನ್ನ ಹೆಸರಿಗೆ ಕೊಂಡುಕೊಂಡಳು. ನದಿಯ ಪ್ರವಾಹ ತಲುಪದ ಹಾಗೆ ಎತ್ತರದ ಕಟ್ಟೆ ಕಟ್ಟಿಸಿ ಅದರ ಮೇಲೆ ದೊಡ್ಡ ತೋಟ ಮಾಡಿಸಿದಳು. ಆಚೆ ದಡಕ್ಕೆ ಹೋಗಲು ಫಿಲಿಬೇರ್ ದ ಲೋರ್ಮ್ ಎಂಬ ಹೆಸರಾಂತ ವಾಸ್ತುಶಿಲ್ಪಿಯಿಂದ ಸೇತುವೆ ಹಾಕಿಸಿದಳು.

1559ರಲ್ಲಿ ಒಂದು ಪಂದ್ಯದಲ್ಲಿ ಈಟಿಯ ಚೂರು ಕಣ್ಣಿಗೆ ಹೊಕ್ಕು ಹೆನ್ರಿ ಸತ್ತ. ಅಧಿಕಾರ ರಾಣಿ ಕ್ಯಾಥರೀನ್ ದ ಮೆಡಿಚಿಯ ಕೈಗೆ ಬಂತು. ಅವಳು ಡಯಾನಳಿಗೆ ಶೋಮೊಂ ಎಂಬ ಇನ್ನೊಂದು ಶಾತೋ ಕೊಟ್ಟು ಶೆನೊನ್ಸೋ ಬಿಡಿಸಿಕೊಂಡಳು. ಅದು ಒಪ್ಪಿ ಮಾಡಿಕೊಂಡ ಬದಲಾವಣೆ ಅಲ್ಲ, ಬಲವಂತದ್ದು.

ಆಮೇಲೆ ಕ್ಯಾಥರೀನ್ ಮಾಡಿದ ಕೆಲಸ ನೋಡಿ. ಸವತಿಯಂತಿದ್ದವಳು ಕಟ್ಟಿಸಿದ ಸೇತುವೆಯನ್ನು ಕೆಡವಲಿಲ್ಲ. ಅದರ ಮೇಲೆಯೇ ಹಜಾರ ಎಬ್ಬಿಸಿದಳು. 60 ಮೀಟರ್ ಉದ್ದ, 6 ಮೀಟರ್ ಅಗಲ, 18 ಕಿಟಕಿ. ನೆಲಕ್ಕೆ ಬಿಳಿ ಕಲ್ಲು, ಕಪ್ಪು ಸ್ಲೇಟು ಸೇರಿಸಿ ಚದುರಂಗದ ಹಾಸು. ಕೆಳಗಿನ ಕಮಾನುಗಳು ಡಯಾನಳವು, ಮೇಲಿನ ಕೋಣೆ ಕ್ಯಾಥರೀನಳದು. ಈ ಒಂದು ವಿಷಯ ತಿಳಿದು ದಡದಲ್ಲಿ ನಿಂತು ನೋಡಿದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು. ತೋಟಗಳೂ ಹಾಗೇ. ಮುಂಭಾಗದ ಎರಡು ಬದಿಗೆ ಎರಡು ತೋಟ. ದೊಡ್ಡದು ಡಯಾನಳ ಹೆಸರಿನದು, ಚಿಕ್ಕದು ಕ್ಯಾಥರೀನಳದು.

ಡಯಾನಳ ಕೋಣೆಯ ಬೆಂಕಿಗೂಡಿನ ಮೇಲೆ ಹೆನ್ರಿಯ ಎಚ್ ಅಕ್ಷರವನ್ನೂ ಕ್ಯಾಥರೀನಳ ಸಿ ಅಕ್ಷರವನ್ನೂ ಹೆಣೆದ ಕೆತ್ತನೆ ಇದೆ. ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿ. ಎಚ್‌ನ ಕಂಬಕ್ಕೆ ಸಿ ತಾಗಿದ ಜಾಗದಲ್ಲಿ ಡಯಾನಳ ಡಿ ಅಕ್ಷರ ಕಾಣುತ್ತದೆ. ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ರಾಜ, ರಾಣಿ, ಪ್ರೇಯಸಿ ಮೂವರೂ ಒಂದೇ ಗುರುತಿನೊಳಗೆ.

ನಂತರ ಬಂದವಳು ಕ್ಯಾಥರೀನಳ ಸೊಸೆ ಲೂಯಿಸ್ ದ ಲೊರೇನ್. ತನ್ನ ಗಂಡ ಮೂರನೇ ಹೆನ್ರಿ 1589ರಲ್ಲಿ ಕೊಲೆಯಾದ ಸುದ್ದಿ ಅವಳು ಕೇಳಿದ್ದು ಇದೇ ಮನೆಯಲ್ಲಿ. ರಾಣಿಯರ ಶೋಕದ ಬಣ್ಣ ಆಗ ಬಿಳಿ. ಅವಳು ಬಿಳಿಯುಟ್ಟು, ಕಪ್ಪು ಬಳಿಸಿದ ಕೋಣೆಯಲ್ಲಿ ಕಾಲ ಕಳೆದಳು. ಆ ಕೋಣೆಯ ಕಪ್ಪು ಹಲಗೆಗಳ ಮೇಲೆ ಬೆಳ್ಳಿ ಬಣ್ಣದ ಕಣ್ಣೀರ ಹನಿಗಳಿವೆ. 18ನೇ ಶತಮಾನದಲ್ಲಿ ಅರಮನೆಯ ಒಡತಿ ಲೂಯಿಸ್ ದುಪ್ಯಾಂ ಇಲ್ಲಿ ಲೇಖಕರನ್ನು, ಚಿಂತಕರನ್ನು ಸೇರಿಸುತ್ತಿದ್ದಳು. ರೂಸೋ ಅವಳ ಬಳಿ ಕಾರ್ಯದರ್ಶಿಯಾಗಿದ್ದ. ಫ್ರೆಂಚ್ ಕ್ರಾಂತಿಯಲ್ಲಿ ಎಷ್ಟೋ ಶಾತೋಗಳು ಹಾಳಾದವು, ಇದು ಉಳಿಯಿತು. ಊರಿನವರಿಗೆ ದುಪ್ಯಾಂ ಮೇಲಿದ್ದ ಗೌರವವೂ ಅದಕ್ಕೆ ಕಾರಣ.

1913ರಲ್ಲಿ ಅರಮನೆ ಮೆನಿಯೇ ಮನೆತನಕ್ಕೆ ಬಂತು. ಚಾಕೊಲೇಟ್ ಮಾಡಿ ಹೆಸರಾದವರು. ಮರುವರ್ಷವೇ ಮೊದಲ ಮಹಾಯುದ್ಧ. ಗಾಸ್ತೊಂ ಮೆನಿಯೇ ತನ್ನ ಖರ್ಚಿನಲ್ಲಿ ಇಡೀ ಹಜಾರವನ್ನು ಆಸ್ಪತ್ರೆ ಮಾಡಿದ. ರಾಣಿ ಔತಣ ಕೊಡುತ್ತಿದ್ದ ಚದುರಂಗದ ನೆಲದ ಮೇಲೆ ಸಾಲುಮಂಚ. 2,000ಕ್ಕೂ ಹೆಚ್ಚು ಗಾಯಾಳು ಸೈನಿಕರು ಇಲ್ಲಿ ಚಿಕಿತ್ಸೆ ಪಡೆದರು. ಸ್ವಲ್ಪ ಚೇತರಿಸಿಕೊಂಡವರು ಕಿಟಕಿಯಿಂದ ಗಾಳ ಇಳಿಬಿಟ್ಟು ಮೀನು ಹಿಡಿಯುತ್ತಿದ್ದರಂತೆ. ಕೆಳಗಿನ ಅಡುಗೆಮನೆಗೆ ಹೊಸ ಸಲಕರಣೆ ಬಂದದ್ದೂ ಆಗಲೇ, ಆ ಸೈನಿಕರ ಊಟಕ್ಕಾಗಿ.

ಎರಡನೇ ಮಹಾಯುದ್ಧದ ಮಾತು ಇನ್ನೂ ಗಾಢವಾದದ್ದು. 1940ರಲ್ಲಿ ಫ್ರಾನ್ಸ್ ಸೋತಾಗ ಜರ್ಮನರು ದೇಶವನ್ನು ಎರಡು ಭಾಗ ಮಾಡಿದರು. ಇಲ್ಲಿ ಗಡಿ ಹಾದುಹೋದದ್ದು ಶೇರ್ ನದಿಯಲ್ಲೇ. ಅರಮನೆಯ ಮುಂಬಾಗಿಲು ಜರ್ಮನರ ಹಿಡಿತದ ದಡದಲ್ಲಿ, ಹಜಾರದ ಹಿಂಬಾಗಿಲು ಅವರ ಹಿಡಿತವಿಲ್ಲದ ಆಚೆ ದಡದಲ್ಲಿ. ಆ 60 ಮೀಟರ್ ನಡೆದು ಎಷ್ಟೋ ಜನ ತಪ್ಪಿಸಿಕೊಂಡು ಹೋದರು. ಇವತ್ತು ಮಕ್ಕಳು ಓಡಾಡುವ ಆ ನೆಲದ ಮೇಲೆ ನಡೆಯುವಾಗ, ಕೊನೆಯ ಬಾಗಿಲ ಹತ್ತಿರ ಒಂದು ನಿಮಿಷ ಸುಮ್ನೆ ನಿಲ್ಲಿ.

ಕಲ್ಲು ತೆಗೆದ ಗುಂಡಿಯಲ್ಲಿ ಏನಾಯಿತು

ಈಗ ಊಟದ ಕಡೆ ಬರೋಣ. ಅದಕ್ಕೆ ದಾರಿ ಗೋಡೆಯ ಕಲ್ಲಿನಿಂದಲೇ ಶುರು.

ಅರಮನೆಯ ಬೆಣ್ಣೆಬಣ್ಣದ ಕಲ್ಲಿನ ಹೆಸರು ತುಫೋ. ಸುಮಾರು 9 ಕೋಟಿ ವರ್ಷ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕಲ್ಲು. ಭೂವಿಜ್ಞಾನಿಗಳು ಆ ಕಾಲಘಟ್ಟಕ್ಕೆ ಇಟ್ಟ ಹೆಸರೂ ಈ ತುರೇನ್ ಸೀಮೆಯದ್ದೇ, ತುರೋನಿಯನ್ ಅಂತ. ಕಲ್ಲು ಎಷ್ಟು ಮೆದು ಅಂದರೆ ಗರಗಸದಲ್ಲಿ ಕೊಯ್ಯಬಹುದು. ನವಿರಾದ ಕೆತ್ತನೆಗೆ ಹೇಳಿಮಾಡಿಸಿದ್ದು. ಅದಕ್ಕೇ ಈ ಸೀಮೆಯ ಶಾತೋಗಳಲ್ಲಿ ಅಷ್ಟೊಂದು ಹೂಬಳ್ಳಿ.

ಇಷ್ಟು ಕಲ್ಲು ಎಲ್ಲಿಂದ ಬಂತು? ನದಿದಡದ ಗುಡ್ಡಗಳನ್ನು ಕೊರೆದು ತೆಗೆದರು. ಗುಡ್ಡದೊಳಗೆ ಉದ್ದುದ್ದ ಗುಹೆಗಳು ಉಳಿದವು. ಬೇಸಿಗೆಯಲ್ಲೂ ಚಳಿಗಾಲದಲ್ಲೂ ಒಳಗಿನ ತಂಪು ಹೆಚ್ಚುಕಡಿಮೆ ಒಂದೇ, ಸುಮಾರು 12 ಡಿಗ್ರಿ. ಗಾಳಿಯಲ್ಲಿ ತೇವ. ಇಂಥ ಜಾಗವನ್ನು ಯಾರು ಸುಮ್ಮನೆ ಬಿಡುತ್ತಾರೆ? ಬಡವರು ಮನೆ ಮಾಡಿಕೊಂಡರು. ವೈನ್ ಮಾಡುವವರು ಪೀಪಾಯಿ ಇಟ್ಟರು. ಅಣಬೆ ಬೆಳೆಯುವವರು ಅಣಬೆ ಬೆಳೆದರು. ಅರಮನೆ ಮೇಲೆದ್ದಷ್ಟೂ ಗುಹೆ ಒಳಗಿಳಿಯಿತು. ಈ ಸೀಮೆಯ ಎಷ್ಟೋ ರುಚಿ ಆ ಗುಹೆಗಳಿಂದಲೇ ಹೊರಬಂದದ್ದು.

ವೂವ್ರೇ ಅನ್ನುವ ಬಿಳಿ ವೈನ್ ಅದಕ್ಕೆ ಒಳ್ಳೆಯ ಉದಾಹರಣೆ. ತೂರ್ ನಗರದ ಪಕ್ಕದ ಊರಿನದು. ಶೆನ್ಯಾಂ ಎಂಬ ಒಂದೇ ದ್ರಾಕ್ಷಿ ತಳಿಯಿಂದ ಸಿಹಿ ಇಲ್ಲದ್ದು, ಅರೆಸಿಹಿ, ಪೂರ್ತಿ ಸಿಹಿ, ನೊರೆಯುಕ್ಕುವುದು ಎಲ್ಲವನ್ನೂ ಮಾಡುತ್ತಾರೆ. ಯಾವ ವರ್ಷ ಯಾವುದು ಜಾಸ್ತಿ ಅನ್ನುವುದನ್ನು ಆ ವರ್ಷದ ಬಿಸಿಲು ತೀರ್ಮಾನಿಸುತ್ತದೆ. ಬಾಟಲಿ ಕೊಳ್ಳುವಾಗ ‘ಸೆಕ್’ ಅಂದರೆ ಸಿಹಿ ಇಲ್ಲದ್ದು, ‘ಮ್ವಾಲ್ಯೋ’ ಅಂದರೆ ಸಿಹಿ ಅಂತ ನೆನಪಿದ್ದರೆ ಸಾಕು.

ಹುಲ್ಲುಕಡ್ಡಿ ಇರುವ ಚೀಸು

ಈ ಸೀಮೆಯಲ್ಲಿ ಒಂದೇ ಒಂದು ತಿನಿಸು ತಿನ್ನಲು ಬಿಡುವಿದ್ದರೆ ಮೇಕೆ ಹಾಲಿನ ಚೀಸು ತಿನ್ನಿ. ಹೆಸರು ಸ್ಯಾಂತ್ ಮೋರ್ ದ ತುರೇನ್.

ಮೊದಲ ಸಲ ನೋಡಿದರೆ ಇದು ತಿನ್ನುವ ವಸ್ತು ಅನ್ನಿಸುವುದಿಲ್ಲ. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಕೊರಡು, ಮೈಯೆಲ್ಲ ಬೂದಿ. ಒಂದು ತುದಿ ಸ್ವಲ್ಪ ದಪ್ಪ, ಇನ್ನೊಂದು ತುದಿ ಸ್ವಲ್ಪ ಸಣ್ಣ. ನಡುವೆ ಉದ್ದಕ್ಕೂ ಒಂದು ಹುಲ್ಲುಕಡ್ಡಿ ತೂರಿಸಿರುತ್ತಾರೆ.

ಒಂದೊಂದಕ್ಕೂ ಕಾರಣ ಇದೆ. ಹಸಿ ಹಾಲನ್ನು ಬಿಸಿ ಮಾಡಿ ಒಡೆಯುವುದಿಲ್ಲ. ಹಾಲು ಹೆಪ್ಪುಗಟ್ಟಿಸುವ ರೆನೆಟ್ ಅನ್ನುವ ಪದಾರ್ಥವನ್ನು ಸ್ವಲ್ಪವೇ ಸ್ವಲ್ಪ ಹಾಕಿ, ಸುಮಾರು ಒಂದು ದಿನ ಹುಳಿಯಾಗಿ ಹೆಪ್ಪುಗಟ್ಟಲು ಬಿಡುತ್ತಾರೆ. ಮೊಸರು ಹೆಪ್ಪು ಹಾಕುವ ಮನೆಯಲ್ಲಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಹೀಗೆ ಹುಳಿಯಿಂದ ಕಟ್ಟಿದ ಹೆಪ್ಪು ಬಹಳ ಮೆತ್ತಗೆ. ಉದ್ದನೆಯ ಅಚ್ಚಿಗೆ ತುಂಬಿ ನೀರು ಬಸಿದ ಮೇಲೆ ಹೊರತೆಗೆಯುವಾಗ ನಡುವೆ ಮುರಿದುಹೋಗಬಹುದು. ಅದಕ್ಕೇ ಕಡ್ಡಿ, ಅದು ಬೆನ್ನುಮೂಳೆಯ ಹಾಗೆ. ಬೂದಿ ಅಂದರೆ ಉಪ್ಪು ಬೆರೆಸಿದ ನುಣ್ಣನೆಯ ಇದ್ದಿಲ ಪುಡಿ. ಅದು ಮೇಲ್ಮೈಯ ಹುಳಿ ತಗ್ಗಿಸುತ್ತದೆ, ಬೇಕಾದ ಬೂಸು ಚೆನ್ನಾಗಿ ಬೆಳೆಯಲು ಅನುವು ಮಾಡುತ್ತದೆ.

ಕಡ್ಡಿಯ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. 1990ರಲ್ಲಿ ಈ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಫ್ರಾನ್ಸಿನಲ್ಲಿ ಇದನ್ನು ಆಗ ಎಒಸಿ ಅನ್ನುತ್ತಿದ್ದರು, ಈಗ ಯುರೋಪಿನ ಮಟ್ಟದಲ್ಲಿ ಎಒಪಿ. ನಮ್ಮ ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಸಿಕ್ಕ ಜಿಐ ಗುರುತಿನ ಜಾತಿಗೆ ಸೇರಿದ್ದೇ, ಆದರೆ ಕಟ್ಟುಪಾಡು ಇನ್ನೂ ಬಿಗಿ. ಗೊತ್ತುಪಡಿಸಿದ ಸೀಮೆಯ ಮೇಕೆ ಹಾಲೇ ಆಗಬೇಕು. ಹಾಲು ಕಾಯಿಸದೆ ಹಸಿಯಾಗಿಯೇ ಇರಬೇಕು. ಕನಿಷ್ಠ 10 ದಿನ ಹಣ್ಣಾಗಬೇಕು. ಕಡ್ಡಿ ರೈ ಧಾನ್ಯದ್ದೇ ಆಗಬೇಕು. ಅದರ ಮೇಲೆ ಚೀಸಿನ ಹೆಸರು, ಮಾಡಿದವರ ಗುರುತಿನ ಸಂಖ್ಯೆ ಸಣ್ಣಗೆ ಕೊರೆದಿರುತ್ತಾರೆ. ಮೆಲ್ಲಗೆ ಎಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಓದಲು ಬರುತ್ತದೆ.

ಅಂಗಡಿಯಲ್ಲಿ ಎರಡು ವಯಸ್ಸಿನದು ಕೇಳಿ ತಗೊಳ್ಳಿ. ಎಳೆಯದು ಒಳಗೆ ಅಚ್ಚ ಬಿಳಿ, ಮೆತ್ತಗೆ, ನಿಂಬೆಯ ಹಾಗೆ ಸಣ್ಣ ಹುಳಿ. ನಾಲ್ಕೈದು ವಾರ ಹಣ್ಣಾದದ್ದರ ಸಿಪ್ಪೆ ನೀಲಿಬೂದು ಬಣ್ಣಕ್ಕೆ ತಿರುಗಿ ಸುಕ್ಕುಗಟ್ಟಿರುತ್ತದೆ. ಒಳಗೆ ಗಟ್ಟಿ, ರುಚಿ ಹುರಿದ ಬೀಜದ ಕಡೆಗೆ ವಾಲುತ್ತದೆ. ಸಿಪ್ಪೆ ಕೆರೆಯಬೇಡಿ, ತಿನ್ನುವುದೇ. ಮೊದಲು ಕಡ್ಡಿ ಎಳೆದು, ಬಿಲ್ಲೆ ಬಿಲ್ಲೆಯಾಗಿ ಕೊಯ್ಯಿರಿ. ಒಂದು ಬಿಲ್ಲೆ, ಒಂದು ಚೂರು ಬ್ರೆಡ್, ಹೊಳೆಯ ದಡ. ನನ್ನ ಮಟ್ಟಿಗೆ ಶೆನೊನ್ಸೋ ಪ್ರವಾಸದ ಅತಿ ಒಳ್ಳೆಯ ಊಟ ಅದು.

ಶೇರ್ ನದಿಯ ಮೇಲ್ಬದಿಗೆ ಹೋದರೆ ಸೆಲ್ ಸ್ಯುರ್ ಶೇರ್ ಅನ್ನುವ ಊರು. ಅಲ್ಲಿನ ಚೀಸು ದುಂಡು ಬಿಲ್ಲೆಯಾಕಾರದ್ದು, ಅದಕ್ಕೂ ಬೂದಿ. ಇನ್ನೂ ಸ್ವಲ್ಪ ದೂರದ ವಾಲಾನ್ಸೇಯದು ತಲೆ ಕತ್ತರಿಸಿದ ಪಿರಮಿಡ್. ಅಕ್ಕಪಕ್ಕದ ಊರುಗಳು, ಒಂದೇ ಥರದ ಮೇಕೆ ಹಾಲು, ಆದರೆ ಆಕಾರ ನೋಡಿಯೇ ಊರು ಹೇಳಬಹುದು. ಇಲ್ಲಿ ಒಂದು ಎಚ್ಚರದ ಮಾತು. ಇವುಗಳಿಗೆ ಹಾಕುವ ರೆನೆಟ್ ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಇದು ಗೊತ್ತಿರಬೇಕು. ಗರ್ಭಿಣಿಯರು ಹಸಿ ಹಾಲಿನ ಚೀಸನ್ನು ಬಿಡುವುದು ಒಳ್ಳೆಯದು.

ಕೊಬ್ಬಿನಲ್ಲಿ ಬೆಂದ ಮಾಂಸ, ಬಡಿದ ಹಣ್ಣು

ಮಾಂಸ ತಿನ್ನುವವರು ರಿಯೆತ್ ಕೇಳಿ. ಹಂದಿ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದರೆ ಎಳೆ ಎಳೆಯಾಗಿ ಬಿಡುತ್ತದೆ. ತಣ್ಣಗಾದ ಮೇಲೆ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ಕೊಬ್ಬಿನಲ್ಲಿ ಮುಳುಗಿದ ಮಾಂಸ ಬೇಗ ಕೆಡದು. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಉಳಿಸಿಕೊಳ್ಳಲು ಹಳ್ಳಿಯವರು ಕಂಡುಕೊಂಡ ದಾರಿ ಅದು. ತೂರ್ ನಗರದ ರಿಯೆತ್‌ಗೆ 2013ರಿಂದ ಹೆಸರಿನ ರಕ್ಷಣೆ ಇದೆ.

ಹಣ್ಣನ್ನೂ ಹೀಗೆಯೇ ಉಳಿಸಿದರು. ತೂರ್ ದಾಟಿ ಶಿನೊಂ ಕಡೆ ಹೋಗುವಾಗ ರಿವರೆನ್ ಅನ್ನುವ ಚಿಕ್ಕ ಊರು ಸಿಗುತ್ತದೆ. ಅಲ್ಲಿ ಪೇರ್ ಹಣ್ಣಿನ ಸಿಪ್ಪೆ ತೆಗೆದು, ತುಫೋ ಕಲ್ಲಿನ ಸೌದೆ ಗೂಡಿನಲ್ಲಿ ದಿನಗಟ್ಟಲೆ ಒಣಗಿಸುತ್ತಾರೆ. ಆಮೇಲೆ ಒಂದೊಂದನ್ನೂ ಅದುಮಿ ಚಪ್ಪಟೆ ಮಾಡುತ್ತಾರೆ. ಹೆಸರೇ ಪ್ವಾರ್ ತಪೇ, ಬಡಿದ ಪೇರ್ ಹಣ್ಣು. ಹಾಗೆ ಮಾಡಿದರೆ ಬಹಳ ಕಾಲ ಇರುತ್ತದೆ. ತಿನ್ನುವ ಮೊದಲು ಮಸಾಲೆ ಹಾಕಿ ಕಾಯಿಸಿದ ವೈನ್‌ನಲ್ಲಿ ನೆನೆಸಿದರೆ ಹಣ್ಣು ಮತ್ತೆ ಉಬ್ಬಿ, ರಸ ಕುಡಿದು, ತೊಟ್ಟಿನ ಸಮೇತ ತಟ್ಟೆಗೆ ಬರುತ್ತದೆ. ಸಿಹಿಗೆ ಇದು ಸಿಗದಿದ್ದರೆ ತಾರ್ತ್ ತತ್ಯಾಂ ಹೇಗೂ ಇದ್ದೇ ಇರುತ್ತದೆ. ಬೆಣ್ಣೆ ಸಕ್ಕರೆಯಲ್ಲಿ ಕಂದು ಬಣ್ಣ ಬರಿಸಿದ ಸೇಬಿನ ಮೇಲೆ ಹಿಟ್ಟು ಮುಚ್ಚಿ ಬೇಯಿಸಿ, ತಲೆಕೆಳಗು ಮಾಡಿ ಬಡಿಸುವ ಸಿಹಿ. ಅದಕ್ಕೆ ಹೆಸರು ಕೊಟ್ಟ ತತ್ಯಾಂ ಅಕ್ಕತಂಗಿಯರ ಹೋಟೆಲು ಇದ್ದದ್ದು ಇಲ್ಲಿಗೆ ಪೂರ್ವಕ್ಕಿರುವ ಲಾಮೋತ್ ಬ್ಯೂವ್ರೊಂ ಊರಿನಲ್ಲಿ.

ಇನ್ನೊಂದು ಕಥೆಯನ್ನು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಕ್ಯಾಥರೀನ್ ದ ಮೆಡಿಚಿ ಇಟಲಿಯಿಂದ ಅಡುಗೆಯವರನ್ನು ಕರೆತಂದು ಫ್ರೆಂಚರಿಗೆ ಅಡುಗೆ ಕಲಿಸಿದಳು ಅಂತ. ನಂಬಬೇಡಿ. ಅವಳು ಮದುವೆಯಾಗಿ ಬಂದದ್ದು 1533ರಲ್ಲಿ, 14 ವರ್ಷದ ಹುಡುಗಿಯಾಗಿ. ಅವಳ ಕಾಲದ ದಾಖಲೆಗಳಲ್ಲಿ ಈ ಮಾತಿಗೆ ಆಧಾರ ಇಲ್ಲ ಅಂತ ಇತಿಹಾಸಕಾರರು ಹೇಳುತ್ತಾರೆ. ಕಥೆ ಬೆಳೆದದ್ದು ಅವಳು ಸತ್ತು ಎಷ್ಟೋ ಕಾಲದ ಮೇಲೆ. ಅವಳಿಗೆ ಊಟ ಪ್ರಿಯ ಅನ್ನುವುದು ಮಾತ್ರ ನಿಜ. 1575ರ ಒಂದು ಮದುವೆಯಲ್ಲಿ ಪಲ್ಲೆಹೂವು, ಅಂದರೆ ಆರ್ಟಿಚೋಕ್‌ನ ಬುಡ, ಕೋಳಿಯ ಜುಟ್ಟು ತಿಂದು ತಿಂದು ಸಾಯುವಷ್ಟು ಸಂಕಟಪಟ್ಟಳು ಅಂತ ಅದೇ ಕಾಲದ ಪಿಯೇರ್ ದ ಲೆತ್ವಾಲ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಹೋಗುವ ದಿನ

ಪ್ಯಾರಿಸ್‌ನ ಮೊಂಪರ್ನಾಸ್ ನಿಲ್ದಾಣದಿಂದ ವೇಗದ ರೈಲಿನಲ್ಲಿ ತೂರ್ ಪಕ್ಕದ ಸ್ಯಾಂ ಪಿಯೇರ್ ದೆ ಕೋರ್ ನಿಲ್ದಾಣಕ್ಕೆ ಹೆಚ್ಚುಕಡಿಮೆ ಒಂದು ಗಂಟೆ. ಅಲ್ಲಿಂದ ಸಣ್ಣ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಶೆನೊನ್ಸೋ. ನಿಲ್ದಾಣ ಅರಮನೆಯ ಬಾಗಿಲಲ್ಲೇ ಇದೆ. ಊರಿನ ಹೆಸರಿನ ಕೊನೆಯಲ್ಲಿ ಎಕ್ಸ್ ಅಕ್ಷರ ಇದೆ, ಅರಮನೆಯ ಹೆಸರಿನಲ್ಲಿ ಇಲ್ಲ. ಉಚ್ಚಾರ ಒಂದೇ. ಟಿಕೆಟ್ ಹುಡುಕುವಾಗ ಇದು ತಲೆಯಲ್ಲಿರಲಿ. ದಿನಕ್ಕೆ ಓಡುವ ಸಣ್ಣ ರೈಲುಗಳು ಕಡಿಮೆ. ವಾಪಸ್ ಬರುವ ರೈಲಿನ ವೇಳೆಯನ್ನು ಮೊದಲೇ ನೋಡಿಟ್ಟುಕೊಳ್ಳಿ. ವೈನ್ ರುಚಿ ನೋಡುವ ಆಸೆ ಇದ್ದರೆ ಕಾರಿಗಿಂತ ರೈಲೇ ಸರಿ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ. ಪ್ರವಾಸಿ ಬಸ್ಸುಗಳು ಬರುವ ಮೊದಲು ಹಜಾರ ಖಾಲಿ ಸಿಕ್ಕರೆ, ನೀರಿನ ಮೇಲಿನ ಬೆಳಕು ಚಾವಣಿಯ ತೊಲೆಗಳ ಮೇಲೆ ಅಲೆಯಾಡುವುದು ಕಾಣುತ್ತದೆ. ಕೋಣೆ ಕೋಣೆಯಲ್ಲೂ ಹಸಿ ಹೂವಿನ ಅಲಂಕಾರ. ಆ ಹೂವು ಬಹುಪಾಲು ಅರಮನೆಯ ಸ್ವಂತ ತೋಟದ್ದು, ಜೋಡಿಸಲು ಅಲ್ಲಿಯೇ ಕೆಲಸಗಾರರಿದ್ದಾರೆ. ತೋಟವೂ ಸೇರಿ ಅರ್ಧ ದಿನ ಇಟ್ಟುಕೊಳ್ಳಿ.

ಊಟದ ಹೊತ್ತಿನ ವಿಷಯದಲ್ಲಿ ಮಾತ್ರ ಫ್ರೆಂಚ್ ಹಳ್ಳಿಗಳು ಬಹಳ ಕಟ್ಟುನಿಟ್ಟು. ಮಧ್ಯಾಹ್ನದ ಊಟ 12ರಿಂದ 2ರವರೆಗೆ. ಒಮ್ಮೆ ತೋಟದಲ್ಲಿ ಹೊತ್ತು ಮರೆತು ಎರಡೂಕಾಲಿಗೆ ಒಂದು ಹೋಟೆಲಿಗೆ ಹೋದೆ. ಒಲೆ ಆರಿಸಿಯಾಗಿತ್ತು. ಸಂಜೆ ಏಳರವರೆಗೆ ಕಾಯಬೇಕಾಯಿತು. ಒಳಗೆ ಹೋಗುವಾಗ ‘ಬೊಂಜೂರ್’ ಅನ್ನಿ. ಅದನ್ನು ಹೇಳದೆ ನೇರ ಕೇಳಲು ಶುರು ಮಾಡಿದರೆ ಒರಟುತನ ಅಂದುಕೊಳ್ಳುತ್ತಾರೆ. ಮೆನು ಪೂರ್ತಿ ಅರ್ಥವಾಗದಿದ್ದರೆ ‘ಪ್ಲಾ ದ್ಯು ಜೂರ್’ ಅಂದರೆ ಆ ದಿನದ ಅಡುಗೆ ಕೇಳಿ. ‘ಕರಾಫ್ ದೋ’ ಅಂದರೆ ಕುಡಿಯುವ ನೀರು ಪುಕ್ಕಟೆ ತಂದಿಡುತ್ತಾರೆ. ಚೀಸು ಬರುವುದು ಊಟ ಮುಗಿದ ಮೇಲೆ, ಸಿಹಿಗೆ ಮೊದಲು. ಹೊಟ್ಟೆಯಲ್ಲಿ ಅದಕ್ಕೆ ಜಾಗ ಉಳಿಸಿಕೊಳ್ಳಿ.

ಹೋಟೆಲೇ ಬೇಡ ಅನ್ನುವವರಿಗೆ ಆಂಬ್ವಾಜ್ ಊರಿನ ಭಾನುವಾರದ ಸಂತೆ ಇದೆ, ಲ್ವಾರ್ ದಡದಲ್ಲಿ. ಬೆಳಿಗ್ಗೆ ಬೇಗ ಹೋಗಿ ಚೀಸು, ಬ್ರೆಡ್, ಹಣ್ಣು ಕಟ್ಟಿಸಿಕೊಂಡು ಬರಬಹುದು.

ಸಂಜೆಗೆ ಮಾತ್ರ ಒಂದು ಗುಹೆಯ ಹೋಟೆಲು ಹುಡುಕಿ. ಈ ಸೀಮೆಯಲ್ಲಿ ಅಲ್ಲಲ್ಲಿ ತುಫೋ ಗುಹೆಯೊಳಗೆ ಮೇಜು ಹಾಕಿ ಫುವೇ ಬಡಿಸುತ್ತಾರೆ. ಫುವೇ ಅಂದರೆ ಅಂಗೈಯಗಲದ ಗೋಧಿ ಹಿಟ್ಟಿನ ರೊಟ್ಟಿ. ಹಿಂದೆ ಬ್ರೆಡ್ ಸುಡುವ ಮೊದಲು ಗೂಡಿನ ಕಾವು ಸರಿಯಾಗಿದೆಯೇ ನೋಡಲು ಒಂದು ಚೂರು ಹಿಟ್ಟು ತಟ್ಟಿ ಒಳಗೆ ಹಾಕುತ್ತಿದ್ದರು. ಅದೇ ಮುಂದೆ ಊಟವಾಯಿತು. ಉದ್ದ ಹಿಡಿಯ ಮರದ ಹಲಗೆಯಲ್ಲಿ ಹಿಟ್ಟಿನ ಬಿಲ್ಲೆಗಳನ್ನು ಬೆಂಕಿಯ ಪಕ್ಕಕ್ಕೆ ಜಾರಿಸುತ್ತಾರೆ. ಕಣ್ಣೆದುರೇ ಪೂರಿಯ ಹಾಗೆ ಉಬ್ಬಿ ನಿಲ್ಲುತ್ತವೆ. ಬುಟ್ಟಿಯಲ್ಲಿ ಬಿಸಿಬಿಸಿ ತಂದಿಟ್ಟಾಗ ಚಾಕುವಿನಿಂದ ಬದಿ ಸೀಳಬೇಕು. ಒಳಗಿನ ಹಬೆ ಮುಖಕ್ಕೆ ಹೊಡೆಯುತ್ತದೆ. ಟೊಳ್ಳಾದ ಹೊಟ್ಟೆಗೆ ಬೆಳ್ಳುಳ್ಳಿ ಬೆಣ್ಣೆ, ಬೇಯಿಸಿದ ಬಿಳಿ ಬೀನ್ಸ್ ಕಾಳು, ಅಣಬೆ, ಮೇಕೆ ಚೀಸು ತುಂಬಿ ತಿನ್ನಿ. ಮಾಂಸ ತಿನ್ನುವವರಿಗೆ ರಿಯೆತ್. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬುಟ್ಟಿ ಬರುತ್ತದೆ. ಬೆನ್ನಿಗೆ ತಾಗಿದ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ. ಬೆರಳಿಗೆ ಬಿಳಿ ಪುಡಿ ಅಂಟುತ್ತದೆ, ಬೆಳಿಗ್ಗೆ ಅರಮನೆಯಲ್ಲಿ ನೋಡಿದ ಅದೇ ಕಲ್ಲಿನದು.